ಇದು ಮೈಗಳ್ಳತನವಲ್ಲ, ಬೇನೆಯ ದಣಿವು



ನಸುಕಿನಲ್ಲಿ ಎದ್ದಾಗ ಕೈಬೆರಳುಗಳು ಊದಿಕೊಂಡು ಸೆಟೆದಿರುತ್ತವೆ, ಮುಷ್ಟಿ ಕಟ್ಟಲಾಗುವುದಿಲ್ಲ. ಆ ಬಿಗಿತ ಸಡಿಲಗೊಳ್ಳಲು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ರಾತ್ರಿಯೆಲ್ಲ ಮಲಗಿದ್ದರೂ ಮೈ ದಣಿದೇ ಇರುತ್ತದೆ. ಇಪ್ಪತ್ತರ ಹರೆಯದ ನಿಮಗೆ ಹೀಗಾದರೆ, "ಈ ವಯಸ್ಸಿಗೇ ಎಂಥ ಕೀಲುನೋವು?" ಎಂದು ಮನೆಯವರು ಕೇಳುವುದುಂಟು. ಆದರೆ ರುಮಟಾಯ್ಡ್ ಸಂಧಿವಾತವು ಕೇವಲ ಮುಪ್ಪಿನ ಬೇನೆಯಲ್ಲ. ಅದು ಯಾವ ವಯಸ್ಸಿನವರಿಗೂ ಬರಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ, ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಈ ರೋಗ ಉಂಟಾಗುತ್ತದೆ. ಈ ಉರಿಯೂತವು ಕೀಲುಗಳಲ್ಲಿಯೇ ನಿಲ್ಲದೆ ಇಡೀ ಶರೀರವನ್ನು ಬಾಧಿಸುತ್ತದೆ. ಜ್ವರ ಬಂದಾಗ ಮೈ ಸೋಲುವಂತೆಯೇ ಇಲ್ಲಿಯೂ ಸೋಲುತ್ತದೆ. ರಕ್ತಹೀನತೆ, ನೋವಿನಿಂದ ಕೆಟ್ಟ ನಿದ್ರೆ, ಕುಗ್ಗಿದ ಮನಸ್ಸು ಇವೂ ಕೂಡಿಕೊಳ್ಳುತ್ತವೆ. ಆದುದರಿಂದ ಈ ದಣಿವು ರೋಗದ ಲಕ್ಷಣವೇ ಹೊರತು ಮೈಗಳ್ಳತನವಲ್ಲ.

ಮೊದಲು ರೋಗಕ್ಕೆ ಚಿಕಿತ್ಸೆಯಾಗಬೇಕು. ಒಮ್ಮೆ ಸೊಟ್ಟಗಾದ ಕೀಲು ಮೊದಲಿನಂತಾಗುವುದು ಕಠಿಣ. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಲ್ಲಿಯ ವೈದ್ಯರು ಅವಶ್ಯವೆನಿಸಿದರೆ ಧಾರವಾಡದ ಜಿಲ್ಲಾ ಆಸ್ಪತ್ರೆಗಾಗಲಿ, ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಗಾಗಲಿ ಕಳುಹಿಸುವರು. ರಕ್ತಹೀನತೆಯಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿರಿ. ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದರೆ, ಅದು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಸ್ಟೀರಾಯ್ಡ್ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು.

ನವವಿವಾಹಿತೆಯರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಮೆಥೊಟ್ರೆಕ್ಸೇಟ್ ಗರ್ಭದಲ್ಲಿನ ಶಿಶುವಿಗೆ ಹಾನಿಕರ. ಅದನ್ನು ಸೇವಿಸುತ್ತಿರುವಾಗ ಗರ್ಭ ನಿಲ್ಲದಂತೆ ಕುಟುಂಬ ಯೋಜನೆಯ ಸಾಧನವನ್ನು ಅನುಸರಿಸಿರಿ. ಮಗು ಬೇಕೆನಿಸಿದಾಗ ಕೆಲವು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಿದರೆ, ಅವರು ತಕ್ಕ ಬೇರೆ ಔಷಧಿಗೆ ಬದಲಾಯಿಸುವರು. ಸಂಧಿವಾತವಿದ್ದವರೂ ತಾಯಂದಿರಾಗಬಹುದು, ಮುಂಚಿತವಾಗಿ ಯೋಚಿಸಬೇಕು, ಅಷ್ಟೇ.

ಇನ್ನು ದಿನದ ಕೆಲಸ. ನವಲಗುಂದದಲ್ಲಿ ಜಮಖಾನೆ ನೇಯುವವರಿಗೂ, ಅಣ್ಣಿಗೇರಿ ಕುಂದಗೋಳಗಳ ಎರೆಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವವರಿಗೂ, ಕಲಘಟಗಿಯ ಗದ್ದೆಯಲ್ಲಿ ಕಳೆ ತೆಗೆಯುವವರಿಗೂ ಬೆರಳೇ ಬಂಡವಾಳ. ನೋವು ಕಡಿಮೆಯಿದ್ದ ದಿನ ಉಳಿದ ಕೆಲಸವನ್ನೆಲ್ಲ ಮುಗಿಸಹೋಗಿ, ಮುಂದೆರಡು ದಿನ ಹಾಸಿಗೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ದಣಿದ ಮೇಲೆ ಕೂಡುವುದಲ್ಲ. ದಣಿಯುವ ಮೊದಲೇ ಹತ್ತು ನಿಮಿಷ ಕೂಡಬೇಕು. ಬೆಳಿಗ್ಗೆ ಕೈಗಳನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟುಕೊಂಡು ಬಳಿಕ ಕೆಲಸಕ್ಕೆ ತೊಡಗಿರಿ. ತುಂಬಿದ ದೊಡ್ಡ ಕೊಡದ ಬದಲು ಚಿಕ್ಕ ಕೊಡದಲ್ಲಿ ಎರಡು ಸಲ ನೀರು ತನ್ನಿರಿ. ನಿತ್ಯವೂ ರೊಟ್ಟಿ ಬಡಿಯುವುದರ ಬದಲು, ಮನೆಯವರೆಲ್ಲ ಕೈಗೂಡಿಸಿದ ದಿನ ನಾಲ್ಕು ದಿನಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡಿಟ್ಟುಕೊಳ್ಳಬಹುದು. ಹಾಗೆಂದು ಸದಾ ಮಲಗಿರುವುದೂ ಸಲ್ಲದು. ಊದಿದ ಕೀಲಿಗೆ ವಿಶ್ರಾಂತಿ ಬೇಕು. ಆದರೆ ಪ್ರತಿದಿನ ಸ್ವಲ್ಪ ನಡೆದಾಡಿದರೆ ಸ್ನಾಯುಗಳಿಗೆ ಬಲ ಬಂದು ದಣಿವು ತಗ್ಗುತ್ತದೆ.

ಹಿರಿಯರೇ, ನಿಮ್ಮಲ್ಲಿಯೂ ಒಂದು ವಿನಂತಿ. ದಣಿವು ಕಣ್ಣಿಗೆ ಕಾಣುವುದಿಲ್ಲ. ನಿನ್ನೆ ಹೊಲಕ್ಕೆ ಬಂದಿದ್ದ ಸೊಸೆ ಇಂದು ಏಳಲಾರದೆ ಹೋದರೆ ಅದು ಸೋಗಲ್ಲ. ಈ ರೋಗದ ಏರಿಳಿತವೇ ಹಾಗೆ. ಕಾಲೇಜಿಗೆ ಮುಂಜಾನೆಯ ಬಸ್ಸು ಹಿಡಿಯಬೇಕಾದ ಮಗನ ವಿಷಯವನ್ನು ಅವನ ಗುರುಗಳಿಗೆ ನೀವೇ ತಿಳಿಸಿರಿ. "ಇಂದು ಹೇಗಿದ್ದೀ?" ಎಂದು ಕೇಳಿ ಅರ್ಧ ಕೆಲಸವನ್ನು ಹಂಚಿಕೊಂಡರೆ, ಔಷಧಿಯೊಂದೇ ಮಾಡಲಾರದ ಉಪಕಾರವನ್ನು ನೀವು ಮಾಡಿದಂತಾಗುವುದು.