ಡ್ರೈವರ್‌ಗೆ ಮುದ್ರೆ ಒತ್ತುವವರು ಯಾರು?

ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶವನ್ನು ರ‍್ಯಾಕ್‌ಸ್ಪೇಸ್ ಕಂಪನಿಯೂ ಅಮೆರಿಕದ ನಾಸಾ ಸಂಸ್ಥೆಯೂ ಸೇರಿ 2010ರಲ್ಲಿ ಆರಂಭಿಸಿದವು. ಅದರಲ್ಲಿ ವರ್ಚುವಲ್ ಯಂತ್ರಗಳಿಗೆ ಡಿಸ್ಕ್ ಒದಗಿಸುವ ಭಾಗದ ಹೆಸರು ಸಿಂಡರ್. 2012ರ ಫೋಲ್ಸಮ್ ಆವೃತ್ತಿಯಲ್ಲಿ ಅದು ನೋವಾ ಎಂಬ ಮೂಲ ಭಾಗದಿಂದ ಕವಲೊಡೆದು ಸ್ವತಂತ್ರ ಯೋಜನೆಯಾಯಿತು. ಸಿಂಡರ್ ತಾನಾಗಿ ಯಾವ ಡಿಸ್ಕನ್ನೂ ಮುಟ್ಟುವುದಿಲ್ಲ. ಇಷ್ಟು ಗಿಗಾಬೈಟಿನ ವಾಲ್ಯೂಮ್ ಬೇಕು, ಇದರ ಸ್ನ್ಯಾಪ್‌ಶಾಟ್ ಬೇಕು ಎಂಬ ಕೋರಿಕೆ ಬಂದಾಗ ಅದನ್ನು ಆಯಾ ಸಾಧನದೊಡನೆ ವ್ಯವಹರಿಸುವ ಡ್ರೈವರ್ ಎಂಬ ಕೋಡಿಗೆ ದಾಟಿಸುತ್ತದೆ. ನೆಟ್‌ಆಪ್, ಡೆಲ್, ಐಬಿಎಂ, ಎಚ್‌ಪಿಇ ಮೊದಲಾದ ಕಂಪನಿಗಳ ಸ್ಟೋರೇಜ್ ಸಾಧನಗಳಿಗೆ ಬೇರೆ ಬೇರೆ ಡ್ರೈವರ್‌ಗಳಿವೆ. ಅವನ್ನು ಬರೆಯುವವರು ಸಾಮಾನ್ಯವಾಗಿ ಆಯಾ ಕಂಪನಿಯ ಎಂಜಿನಿಯರುಗಳೇ. ಇಂಥ ಹಲವು ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಕೋಡು ಕಂಪನಿಯದು, ಅದನ್ನು ಇರಿಸಿಕೊಂಡು ಬಿಡುಗಡೆ ಮಾಡುವುದು ಓಪನ್‌ಸ್ಟ್ಯಾಕ್ ಸಮುದಾಯ. ಆ ಡ್ರೈವರ್‌ಗೆ ‘ಸರ್ಟಿಫೈಡ್’ ಎಂಬ ಮುದ್ರೆಯನ್ನು ಯೋಜನೆಯೇ ಒತ್ತಬೇಕೆ ಎಂಬ ವಾದ 2013ರ ಹೊತ್ತಿಗೆ ಸಿಂಡರ್‌ನಲ್ಲಿ ಎದ್ದದ್ದು ಈ ವ್ಯವಸ್ಥೆಯಿಂದಲೇ.

ಮುದ್ರೆ ಬೇಕೆನ್ನುವವರ ಕಾರಣಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ಯಾಂಕೋ ವಿಶ್ವವಿದ್ಯಾಲಯವೋ ದೊಡ್ಡ ಮೊತ್ತ ತೆತ್ತು ಸ್ಟೋರೇಜ್ ಕೊಳ್ಳುವಾಗ ಅದು ಓಪನ್‌ಸ್ಟ್ಯಾಕ್ ಜೊತೆ ಸರಿಯಾಗಿ ನಡೆಯುತ್ತದೆಯೇ ಎಂದು ಯಾರನ್ನಾದರೂ ಕೇಳಲೇಬೇಕು. ಮಾರುವವರನ್ನು ಕೇಳಿದರೆ ಉತ್ತರ ಮೊದಲೇ ಗೊತ್ತು. ಯೋಜನೆಯವರಿಗೂ ಇದರಲ್ಲಿ ಹಿತವಿದೆ. ಡ್ರೈವರ್ ಕೆಟ್ಟಾಗ ಬಳಕೆದಾರರು ಬೈಯುವುದು ಓಪನ್‌ಸ್ಟ್ಯಾಕನ್ನು. ದೋಷದ ವರದಿಗಳು ಬಂದು ಬೀಳುವುದು ಆ ಸಾಧನವನ್ನು ಕಣ್ಣಿಂದಲೂ ನೋಡಿರದವರ ಮೇಲೆ. ಸಿಂಡರ್‌ನ ಸ್ವಂತ ಪರೀಕ್ಷೆಗಳು ನಡೆಯುತ್ತಿದ್ದದ್ದು ಲಿನಕ್ಸ್‌ನ ಎಲ್‌ವಿಎಂ ಆಧರಿಸಿದ ಮಾದರಿ ಡ್ರೈವರ್ ಮೇಲೆ. ಉಳಿದ ಡ್ರೈವರ್‌ಗಳನ್ನು ಪರಿಶೀಲಕರು ಓದಿ, ತಲೆದೂಗಿ, ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಓದಿದ ಮಾತ್ರಕ್ಕೆ ಡ್ರೈವರ್ ನಡೆಯುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ.

ಮೊದಲು ಹೊಳೆದ ಪರಿಹಾರ ಸರಳವಾಗಿತ್ತು. ಪ್ರಯೋಗಕ್ಕಾಗಿ ಓಪನ್‌ಸ್ಟ್ಯಾಕನ್ನು ಒಂದೇ ಯಂತ್ರದ ಮೇಲೆ ನಿಲ್ಲಿಸುವ ಡೆವ್‌ಸ್ಟ್ಯಾಕ್ ಎಂಬ ಸಾಧನದೊಳಗೆ ಒಂದು ಸ್ಕ್ರಿಪ್ಟ್ ಸೇರಿಸಲಾಯಿತು. ಕಂಪನಿಯವರು ಅದನ್ನು ತಮ್ಮ ಲ್ಯಾಬಿನಲ್ಲಿ ಓಡಿಸಿ ಫಲಿತಾಂಶವನ್ನು ಕಳಿಸಬೇಕು. ಈ ಏರ್ಪಾಟಿನ ಕೊರತೆ ಚಿನ್ನದ ಹಾಲ್‌ಮಾರ್ಕ್ ನೆನೆದರೆ ಸ್ಪಷ್ಟವಾಗುತ್ತದೆ. 916 ಮುದ್ರೆಯ ಬಳೆ ಹತ್ತು ವರ್ಷ ಕಳೆದರೂ 22 ಕ್ಯಾರೆಟ್ಟೇ, ಏಕೆಂದರೆ ಲೋಹ ಬದಲಾಗುವುದಿಲ್ಲ. ಡ್ರೈವರ್‌ನ ಕೋಡು ಒಂದಕ್ಷರ ಬದಲಾಗದಿದ್ದರೂ ಅದರ ಸುತ್ತಲಿನ ಸಿಂಡರ್ ದಿನವೂ ಬದಲಾಗುತ್ತದೆ. ಓಪನ್‌ಸ್ಟ್ಯಾಕ್‌ನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಸಾಧನದ ಒಳಗಿನ ಫರ್ಮ್‌ವೇರನ್ನು ಕಂಪನಿ ತನ್ನ ಲೆಕ್ಕದಲ್ಲಿ ಬದಲಿಸುತ್ತಿರುತ್ತದೆ. ಮಂಗಳವಾರ ಪಾಸಾದದ್ದು ಗುರುವಾರ ಸೇರಿದ ಯಾರದೋ ಪ್ಯಾಚ್‌ನಿಂದ ಮುರಿಯಬಹುದು. ಜೊತೆಗೆ, ಪರೀಕ್ಷೆ ನಡೆಸಿ ವರದಿ ಕಳಿಸುವವರೂ ಮುದ್ರೆ ಬಯಸುವವರೂ ಒಬ್ಬರೇ.

ಹೀಗಾಗಿ ಬೇರೊಂದು ಕ್ರಮ ಬೇರೂರಿತು: ಪ್ರತಿ ಕಂಪನಿಯೂ ತನ್ನದೇ ನಿರಂತರ ಪರೀಕ್ಷಾ ವ್ಯವಸ್ಥೆ ನಡೆಸಬೇಕು. ಅದು ನಡೆಯುವ ರೀತಿ ಹೀಗೆ. ಜಗತ್ತಿನ ಯಾವುದೋ ಮೂಲೆಯ ಪ್ರೋಗ್ರಾಮರ್ ಸಿಂಡರ್‌ಗೆ ಒಂದು ಪ್ಯಾಚ್ ಕಳಿಸುತ್ತಾನೆ. ಅದು ಗೆರಿಟ್ ಎಂಬ ಪರಿಶೀಲನಾ ವ್ಯವಸ್ಥೆಯಲ್ಲಿ ಕಾಣಿಸಿಕೊಂಡ ಸುದ್ದಿಯನ್ನು ಕಂಪನಿಯ ಲ್ಯಾಬಿನಲ್ಲಿರುವ ಯಂತ್ರ ಕೇಳಿಸಿಕೊಳ್ಳುತ್ತದೆ. ಹೊಸ ವರ್ಚುವಲ್ ಯಂತ್ರವೊಂದನ್ನು ಎಬ್ಬಿಸಿ, ಡೆವ್‌ಸ್ಟ್ಯಾಕ್ ಹೂಡಿ, ಆ ಪ್ಯಾಚನ್ನು ಸೇರಿಸಿ, ಪಕ್ಕದಲ್ಲಿರುವ ನಿಜವಾದ ಸ್ಟೋರೇಜ್ ಸಾಧನಕ್ಕೆ ಜೋಡಿಸುತ್ತದೆ. ಆಮೇಲೆ ಟೆಂಪೆಸ್ಟ್ ಎಂಬ ಪರೀಕ್ಷಾ ಸರಣಿ ಓಡುತ್ತದೆ. ವಾಲ್ಯೂಮ್ ಸೃಷ್ಟಿಸು, ವರ್ಚುವಲ್ ಯಂತ್ರಕ್ಕೆ ಜೋಡಿಸು, ಸ್ನ್ಯಾಪ್‌ಶಾಟ್ ತೆಗೆ, ಹಿಗ್ಗಿಸು, ಕಳಚು, ಅಳಿಸು. ಎಲ್ಲ ಮುಗಿದ ಮೇಲೆ ಅದೇ ಪ್ಯಾಚ್‌ನ ಕೆಳಗೆ ಕಂಪನಿಯ ಹೆಸರಿನಲ್ಲಿ ಪಾಸ್ ಅಥವಾ ಫೇಲ್ ಎಂಬ ಟಿಪ್ಪಣಿ ಬೀಳುತ್ತದೆ, ಪೂರ್ತಿ ಲಾಗ್‌ನ ಕೊಂಡಿ ಸಮೇತ. ಲಾಗ್ ಎಲ್ಲರಿಗೂ ತೆರೆದಿರಬೇಕೆಂಬ ನಿಯಮವೇ ಈ ಕ್ರಮದ ಜೀವಾಳ. ಪರೀಕ್ಷೆಯನ್ನು ಕಂಪನಿಯೇ ನಡೆಸಿದರೂ ಎಡವಿದ್ದೆಲ್ಲಿ ಎಂಬುದನ್ನು ಬೇರೆಯವರು ಓದಬಹುದು. ವಾರಗಟ್ಟಲೆ ಮೌನವಾಗಿರುವ ವ್ಯವಸ್ಥೆಯೂ ಎದ್ದು ಕಾಣುತ್ತದೆ.

ಇಷ್ಟಾದರೂ ಇದು ತೋರಿಸಿಕೊಡುವುದು ಅಲ್ಪವನ್ನೇ. ಸಾವಿರ ವಾಲ್ಯೂಮ್‌ಗಳು ಒಟ್ಟಿಗೆ ಬಂದರೆ ಸಾಧನ ತಡೆದೀತೇ, ಕೇಬಲ್ ಕಿತ್ತುಬಂದರೆ ಡೇಟಾ ಉಳಿದೀತೇ, ಅದೇ ಕಂಪನಿಯ ಹಳೆಯ ಮಾದರಿಯಲ್ಲೂ ಹೀಗೇ ನಡೆದೀತೇ ಎಂಬ ಪ್ರಶ್ನೆಗಳಿಗೆ ಟೆಂಪೆಸ್ಟ್ ಉತ್ತರಿಸುವುದಿಲ್ಲ. ಕೊಳ್ಳುವವರು ‘ಸರ್ಟಿಫೈಡ್’ ಎಂದು ಕಂಡಾಗ ನಂಬುವುದು ನಿಖರವಾಗಿ ಇವನ್ನೇ. ಮುದ್ರೆ ಹೇಳುವುದಕ್ಕೂ ಪರೀಕ್ಷೆ ತೋರಿಸಿದ್ದಕ್ಕೂ ನಡುವಿನ ಈ ಅಂತರವೇ ಮುದ್ರೆಗೆ ಎದುರಾಗಿರುವ ಬಲವಾದ ಆಕ್ಷೇಪ.

ನಿರಂತರ ಪರೀಕ್ಷೆಯ ನಿಯಮದ ಬಿಸಿ ಎಲ್ಲರಿಗೂ ತಟ್ಟಿತು. ನೋವಾ ವರ್ಚುವಲ್ ಯಂತ್ರಗಳನ್ನು ನಡೆಸುವ ತನ್ನ ಹೈಪರ್‌ವೈಸರ್ ಡ್ರೈವರ್‌ಗಳನ್ನು ಪರೀಕ್ಷೆಯ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ಮೂರು ಗುಂಪುಗಳಲ್ಲಿ ಇಟ್ಟಿತು. 2013ರಲ್ಲಿ ನೋವಾದೊಳಗೆ ಬಂದ ಡಾಕರ್ ಡ್ರೈವರ್ 2014ರ ಐಸ್‌ಹೌಸ್ ಆವೃತ್ತಿಯ ಹೊತ್ತಿಗೆ ಹೊರಹೋಯಿತು. ಸಿಂಡರ್ 2015ರ ಕಿಲೊ ಆವೃತ್ತಿಯಲ್ಲಿ ಪರೀಕ್ಷಾ ವ್ಯವಸ್ಥೆ ಇಲ್ಲದ ಡ್ರೈವರ್‌ಗಳನ್ನು ಕಿತ್ತುಹಾಕಿತು. ವ್ಯವಸ್ಥೆ ಸರಿಪಡಿಸಿಕೊಂಡ ಕೆಲವು ಹಿಂತಿರುಗಿದವು. ದೊಡ್ಡ ಕಂಪನಿಗೆ ಒಂದು ಸಾಧನವನ್ನೂ ಇಬ್ಬರು ಎಂಜಿನಿಯರುಗಳನ್ನೂ ಇದಕ್ಕೆಂದೇ ಮೀಸಲಿಡುವುದು ಲೆಕ್ಕಕ್ಕೇ ಬಾರದ ಖರ್ಚು. ಸಣ್ಣ ಕಂಪನಿಗೆ, ಹಣವಿಲ್ಲದ ಸ್ವಯಂಸೇವಕ ಗುಂಪಿಗೆ ಅದು ದೊಡ್ಡ ಹೊರೆ. ಪರೀಕ್ಷೆಯ ನಿಯಮಕ್ಕೇ ಇಷ್ಟು ಬೆಲೆಯಿರುವಾಗ ಅದರ ಮೇಲೆ ಮಾರುಕಟ್ಟೆಯ ಮುದ್ರೆಯನ್ನೂ ಕೂರಿಸಿದರೆ ಹಣವಿದ್ದವರ ಪಾಲಿಗೆ ಯೋಜನೆಯೇ ಜಾಹೀರಾತು ಹಲಗೆಯಾಗುತ್ತದೆ.

ಹೊಣೆ ಯಾರದು ಎಂಬುದು ಇನ್ನೊಂದು ಮುಖ. ಓಪನ್‌ಸ್ಟ್ಯಾಕ್ ಹೊರಬರುವುದು ಅಪಾಚೆ 2.0 ಪರವಾನಗಿಯಡಿ. ಅದರ 7ನೇ ಕಲಮು ತಂತ್ರಾಂಶವನ್ನು ಇದ್ದಹಾಗೇ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ ಎನ್ನುತ್ತದೆ. ಕಡಿಮೆ ಜನ ಓದುವ 9ನೇ ಕಲಮು ಈ ವಾದಕ್ಕೆ ಹೆಚ್ಚು ಹತ್ತಿರ. ಬೇಕಾದವರು ಬೆಂಬಲ, ಖಾತರಿ ಕೊಟ್ಟು ಅದಕ್ಕೆ ಹಣ ಪಡೆಯಬಹುದು. ಆದರೆ ತಮ್ಮ ಹೆಸರಿನಲ್ಲಿ, ತಮ್ಮ ಹೊಣೆಯಲ್ಲಿ, ಉಳಿದ ಕೊಡುಗೆದಾರರನ್ನು ಸಿಲುಕಿಸದೆ. ರೆಡ್ ಹ್ಯಾಟ್, ಸೂಸೆ, ಕ್ಯಾನೋನಿಕಲ್ ಕಂಪನಿಗಳು ಯಂತ್ರಾಂಶಕ್ಕೆ ಸರ್ಟಿಫಿಕೇಟ್ ಕೊಡುತ್ತಿರುವುದು ಈ ತತ್ತ್ವದಂತೆಯೇ. ಅವು ಹಣ ಪಡೆಯುತ್ತವೆ, ನಿರ್ದಿಷ್ಟ ಆವೃತ್ತಿಯನ್ನು ವರ್ಷಗಟ್ಟಲೆ ಕಾಯುತ್ತವೆ, ರಾತ್ರಿ ಫೋನ್ ಬಂದರೆ ಎತ್ತುತ್ತವೆ. ಓಪನ್ ಸೋರ್ಸ್ ಯೋಜನೆಯಲ್ಲಿ ಆ ಫೋನ್ ಎತ್ತುವವರಿಲ್ಲ. ಮುದ್ರೆ ಒತ್ತುವ ಕೆಲಸ ಫೋನ್ ಎತ್ತುವವರದೇ ಆಗಿರುವುದು ನ್ಯಾಯ.

ಲಿನಕ್ಸ್ ಕರ್ನಲ್ ಈ ಪ್ರಶ್ನೆಯನ್ನು ತಿರುಗುಮುರುಗು ಮಾಡಿದೆ. ಅದು ಒಳ್ಳೆಯ ಡ್ರೈವರ್‌ಗೆ ಯಾವ ಬಿರುದೂ ಕೊಡುವುದಿಲ್ಲ, ತೊಡಕಿನದಕ್ಕೆ ಕಲೆ ಹಚ್ಚುತ್ತದೆ. ಮೂಲ ಕೋಡು ಮುಚ್ಚಿಟ್ಟ ಡ್ರೈವರ್ ಸೇರಿಸಿದ ಕೂಡಲೇ ಕರ್ನಲ್ ತನ್ನ ಸ್ಥಿತಿಯಲ್ಲಿ ‘ಪಿ’ ಎಂಬ ಅಕ್ಷರ ಬರೆದುಕೊಳ್ಳುತ್ತದೆ. ಹೊರಗಿನಿಂದ ತಂದು ಸೇರಿಸಿದ್ದಕ್ಕೆ ‘ಒ’, ಇನ್ನೂ ಪಳಗದ ಸ್ಟೇಜಿಂಗ್ ವಿಭಾಗದ್ದಕ್ಕೆ ‘ಸಿ’. ಈ ಕೊನೆಯದರ ಹೆಸರು ಕೋಡಿನೊಳಗೆ ‘ಟೇಂಟ್ ಕ್ರ್ಯಾಪ್’ ಎಂದೇ ಇದೆ. ಕರ್ನಲ್ ಬರೆಯುವವರಿಗೆ ದಾಕ್ಷಿಣ್ಯ ಕಡಿಮೆ. ಯಂತ್ರ ಕುಸಿದಾಗ ಈ ಅಕ್ಷರಗಳು ವರದಿಯಲ್ಲಿ ಅಚ್ಚಾಗುತ್ತವೆ. ‘ಪಿ’ ಕಂಡರೆ, ಆ ಡ್ರೈವರ್ ತೆಗೆದು ಮತ್ತೆ ಪ್ರಯತ್ನಿಸಿ ಬನ್ನಿ ಎಂಬ ಉತ್ತರ ಬರುವುದು ವಾಡಿಕೆ. ಸ್ಕ್ಯಾನರುಗಳ ಸೇನ್ ಯೋಜನೆ ಮತ್ತೊಂದು ದಾರಿ ಹಿಡಿದಿದೆ. ಪ್ರತಿ ಮಾದರಿಯ ಎದುರು ಪೂರ್ಣ, ಉತ್ತಮ, ಮೂಲಭೂತ, ಕನಿಷ್ಠ, ಪರೀಕ್ಷಿಸಿಲ್ಲ, ಬೆಂಬಲವಿಲ್ಲ ಎಂಬ ದರ್ಜೆಗಳಲ್ಲೊಂದನ್ನು ಬರೆಯುತ್ತದೆ. ಲಿನಕ್ಸ್ ಪ್ರಿಂಟರುಗಳ ಪಟ್ಟಿಯಲ್ಲಂತೂ ಕಟ್ಟಕಡೆಯ ದರ್ಜೆ ‘ಪೇಪರ್‌ವೇಟ್’. ಕೊಳ್ಳುವವರಿಗೆ ಇದಕ್ಕಿಂತ ನೇರವಾದ ಮಾಹಿತಿ ಸಿಗದು, ಯಾರೂ ಖಾತರಿಯನ್ನೂ ಕೊಟ್ಟಿಲ್ಲ.

ಎದುರು ಉದಾಹರಣೆ ಇಲ್ಲವೆಂದಲ್ಲ. ಕುಬರ್ನೆಟಿಸ್ ಎಂಬ ಇನ್ನೊಂದು ಕ್ಲೌಡ್ ತಂತ್ರಾಂಶದ ಹೆಸರಿನಲ್ಲಿ 2017ರಿಂದ ಸರ್ಟಿಫಿಕೇಟ್ ಕೊಡಲಾಗುತ್ತಿದೆ, ಅದು ಯಶಸ್ವಿಯೂ ಆಗಿದೆ. ಆದರೆ ಅದನ್ನು ಕೊಡುವುದು ಕೋಡು ಬರೆಯುವವರ ಗುಂಪಲ್ಲ, ಟ್ರೇಡ್‌ಮಾರ್ಕನ್ನು ಕಾಯುವ ಸಿಎನ್‌ಸಿಎಫ್ ಪ್ರತಿಷ್ಠಾನ. ಪರೀಕ್ಷೆಗೆ ಒಳಪಡುವುದೂ ಯಂತ್ರಾಂಶವಲ್ಲ; ಕಂಪನಿ ಮಾರುವ ಕುಬರ್ನೆಟಿಸ್ ಮೂಲದಂತೆಯೇ ನಡೆದುಕೊಳ್ಳುತ್ತದೆಯೇ ಎಂಬುದಷ್ಟೇ. ಅದೇ ಪರೀಕ್ಷೆಯನ್ನು ಸೊನೊಬಾಯ್ ಎಂಬ ಉಚಿತ ಸಾಧನದಿಂದ ಗ್ರಾಹಕರೇ ಮತ್ತೆ ಓಡಿಸಿ ನೋಡಬಹುದು. ದುಬಾರಿ ಸ್ಟೋರೇಜ್ ಸಾಧನದ ಡ್ರೈವರ್‌ಗೆ ಈ ಅನುಕೂಲವಿಲ್ಲ. ಸಾಧನ ಇದ್ದವರಷ್ಟೇ ಪರೀಕ್ಷೆ ಮಾಡಬಲ್ಲರು.

ಸಿಂಡರ್‌ನಲ್ಲಿ 2016ರ ಹೊತ್ತಿಗೆ ವಿಷಯ ಒಂದು ಹದಕ್ಕೆ ಬಂತು. ಡ್ರೈವರನ್ನು ದಿಢೀರನೆ ಕಿತ್ತುಹಾಕಿದರೆ ಪೆಟ್ಟು ಬೀಳುವುದು ಕಂಪನಿಗಲ್ಲ, ಆ ಸಾಧನದ ಮೇಲೆ ಈಗಾಗಲೇ ಡೇಟಾ ಇಟ್ಟವರಿಗೆ ಎಂಬ ತಕರಾರು ಬಂದಿತ್ತು. ಹೀಗಾಗಿ ಪರೀಕ್ಷೆ ನಿಂತುಹೋದ ಡ್ರೈವರ್‌ನ ಕೋಡಿನಲ್ಲಿ ‘ಸಪೋರ್ಟೆಡ್’ ಎಂಬ ಗುರುತನ್ನು ‘ಫಾಲ್ಸ್’ ಎಂದು ಬದಲಿಸುವ ಪದ್ಧತಿ ಬಂತು. ಹಾಗೆ ಗುರುತಾದ ಡ್ರೈವರ್ ತಾನಾಗಿ ಏಳುವುದಿಲ್ಲ. ಕ್ಲೌಡ್ ನಡೆಸುವವರು ಸಿಂಡರ್‌ನ ಸಂರಚನಾ ಕಡತ ತೆರೆದು, ಬೆಂಬಲವಿಲ್ಲದ ಡ್ರೈವರನ್ನು ಬಳಸುತ್ತೇನೆ ಎಂಬ ಅರ್ಥದ ಒಂದು ಸಾಲನ್ನು ಕೈಯಾರೆ ಸೇರಿಸಬೇಕು. ಕಂಪನಿ ಎಚ್ಚೆತ್ತು ಪರೀಕ್ಷೆ ಮತ್ತೆ ಆರಂಭಿಸಿದರೆ ಗುರುತು ಅಳಿಯುತ್ತದೆ. ಮೊದಮೊದಲು ಮುಂದಿನ ಆವೃತ್ತಿಯೊಳಗೆ ಎಚ್ಚರಾಗದಿದ್ದರೆ ಡ್ರೈವರನ್ನು ತೆಗೆದುಹಾಕಲಾಗುತ್ತಿತ್ತು. ನಂತರದ ವರ್ಷಗಳಲ್ಲಿ ಅದನ್ನೂ ಸಡಿಲಿಸಿ, ಉಳಿದ ಪರೀಕ್ಷೆಗಳಿಗೆ ಅಡ್ಡಿಯಾಗದಷ್ಟು ಕಾಲ ಅಂಥ ಡ್ರೈವರ್ ಇರಬಹುದು ಎಂದು ತಂಡದ ವಿವೇಚನೆಗೆ ಬಿಡಲಾಯಿತು.