ವಾರ್ಡಿನಲ್ಲಿ ಕಲಿಯದೆ ವಿಭಾಗ ಆರಿಸುವುದು ಹೇಗೆ? (ಅಧ್ಯಕ್ಷ ಭಾಷಣ)



  ಈ ಸಮ್ಮೇಳನದಲ್ಲಿ ನಾನು ಮಾತಾಡಲು ಬಂದಿರುವ ವಿಷಯ ಒಂದೇ, ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುವ ಅವಧಿ.

ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದ ಮಕ್ಕಳನ್ನು ಮುಂದೆ ಯಾವ ವಿಭಾಗಕ್ಕೆ ಹೋಗುತ್ತೀರಿ ಎಂದು ಕೇಳಿ. ಬಹಳಷ್ಟು ಮಂದಿ ಐಸಿಯು ಎನ್ನುತ್ತಾರೆ. ಯಾಕೆ ಎಂದರೆ ಹೊರದೇಶಕ್ಕೆ ಹೋಗಲು ಅನುಕೂಲವಂತೆ, ಸೀನಿಯರ್ ಹೇಳಿದರಂತೆ, ಏಜೆನ್ಸಿಯವರು ಹೇಳಿದರಂತೆ. ಐಸಿಯು ಒಳ್ಳೆಯ ವಿಭಾಗ, ಅಲ್ಲಿ ನುರಿತವರು ಬೇಕು. ಆದರೆ ಈ ಉತ್ತರ ವಾರ್ಡಿನಲ್ಲಿ ಹುಟ್ಟಿದ್ದಲ್ಲ. ವೆಂಟಿಲೇಟರನ್ನು ಗಾಜಿನಾಚೆಯಿಂದ ನೋಡಿದ ಮಗು ಐಸಿಯು ಬೇಕು ಎನ್ನುತ್ತದೆ. ಮಾನಸಿಕ ರೋಗಿಯೊಬ್ಬರ ಜೊತೆ ಅರ್ಧ ಗಂಟೆಯೂ ಕೂರದ ಮಗು ಸೈಕಿಯಾಟ್ರಿ ನನಗಾಗದು ಎನ್ನುತ್ತದೆ. ಎರಡೂ ಕೇಳಿದ ಮಾತುಗಳ ಮೇಲೆ ನಿಂತಿವೆ. ಅದು ಮಕ್ಕಳ ತಪ್ಪಲ್ಲ, ನಾವು ಅವರಿಗೆ ತೋರಿಸಿರುವುದೇ ಅಷ್ಟು.

ಕಾಗದದ ಮೇಲೆ ಎಲ್ಲವೂ ಇದೆ. 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ಎಂಟು ಸೆಮಿಸ್ಟರ್. ಎಂಟನೆಯದರಲ್ಲಿ 22 ವಾರಗಳ ಇಂಟರ್ನ್‌ಶಿಪ್: ವಯಸ್ಕರ ಆರೈಕೆಗೆ 6 ವಾರ, ಮಕ್ಕಳ ವಿಭಾಗ, ಮಾನಸಿಕ ಆರೋಗ್ಯ, ಹೆರಿಗೆ, ಸಮುದಾಯ ಆರೋಗ್ಯ ಇವುಗಳಿಗೆ ತಲಾ 4 ವಾರ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು. ಇದಕ್ಕಿಂತ ಉತ್ತಮ ಯೋಜನೆಯನ್ನು ನಾನು ಕೇಳುವುದಿಲ್ಲ. ಇದು ನಡೆಯಲಿ ಎಂದಷ್ಟೇ ಕೇಳುತ್ತೇನೆ.

ನಡೆಯುತ್ತಿರುವುದೇನು? ಬೆಳಿಗ್ಗೆ ಎಂಟಕ್ಕೆ ಜಿಲ್ಲಾ ಆಸ್ಪತ್ರೆಯ ಅಂಗಳದಲ್ಲಿ ಒಂದರ ಹಿಂದೆ ಒಂದು ಕಾಲೇಜು ಬಸ್ ಬಂದು ನಿಲ್ಲುತ್ತದೆ. ಬೇರೆ ಬೇರೆ ಬಣ್ಣದ ಸಮವಸ್ತ್ರದ ಮಕ್ಕಳು ಒಂದೇ ವಾರ್ಡಿಗೆ ನುಗ್ಗುತ್ತಾರೆ. ಒಬ್ಬ ಅಜ್ಜಿಯ ಬಿ.ಪಿ.ಯನ್ನು ಒಬ್ಬರಾದ ಮೇಲೊಬ್ಬರು ನೋಡುತ್ತಾರೆ, ಕೊನೆಗೆ ಅಜ್ಜಿ ಕೈ ಎಳೆದುಕೊಂಡು ಗೋಡೆಯ ಕಡೆ ಹೊರಳಿ ಮಲಗುತ್ತಾರೆ. ವಾರ್ಡ್ ಸಿಸ್ಟರ್‌ಗೆ ತಮ್ಮ ಕೆಲಸವೇ ತಲೆ ಮೇಲೆ ಹೊರೆಯಾಗಿರುತ್ತದೆ, ಕಲಿಸುವ ಹೊಣೆಯನ್ನು ಅವರಿಗೆ ಯಾರೂ ಬರೆದು ಕೊಟ್ಟಿಲ್ಲ, ಅದಕ್ಕೆ ಭತ್ಯೆಯೂ ಇಲ್ಲ. ನಮ್ಮ ಟ್ಯೂಟರ್ ಮೂರು ಮಹಡಿಗಳ ಹಾಜರಿ ತೆಗೆದುಕೊಳ್ಳುವಷ್ಟರಲ್ಲಿ ಹನ್ನೊಂದು ಗಂಟೆ. ಇನ್ನು ಕೆಲವು ಕಡೆ ಇದಕ್ಕೆ ಉಲ್ಟಾ: ಸಿಬ್ಬಂದಿ ಸಾಲದ ಆಸ್ಪತ್ರೆಯಲ್ಲಿ ಹುಡುಗಿಯರು ದಿನವಿಡೀ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಾಡುತ್ತಾರೆ, ಕೇಸ್ ಶೀಟ್ ತರುತ್ತಾರೆ. 1923ರಲ್ಲೇ ಅಮೆರಿಕದ ಗೋಲ್ಡ್‌ಮಾರ್ಕ್ ವರದಿ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ದುಡಿಮೆಗೆ ಹಚ್ಚುವುದರಿಂದ ಅವರ ಕಲಿಕೆ ಬಲಿಯಾಗುತ್ತದೆ ಎಂದು ಎಚ್ಚರಿಸಿತ್ತು. ನೂರು ವರ್ಷ ಕಳೆದ ಮೇಲೂ ನಾವು ಅಲ್ಲೇ ಇದ್ದೇವೆ.

ಲೇಬರ್ ವಾರ್ಡಿನ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ನನ್ನ ವಿಭಾಗ, ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಶುರುವಾಗಿದ್ದು. ಚೊಚ್ಚಲ ಗರ್ಭಿಣಿ ಬೆಳಿಗ್ಗೆ ಒಂಬತ್ತಕ್ಕೆ ದಾಖಲಾದಳು ಎನ್ನೋಣ. ಗರ್ಭಕಂಠ ನಾಲ್ಕು ಸೆಂಟಿಮೀಟರ್ ತೆರೆದಿದೆ. ವಿದ್ಯಾರ್ಥಿನಿ ಅವಳ ಪಕ್ಕದಲ್ಲಿ ನಿಂತು ಹೆರಿಗೆಯ ಪ್ರಗತಿ ದಾಖಲಿಸುವ ಪಾರ್ಟೊಗ್ರಾಫ್‌ನಲ್ಲಿ ಮೊದಲ ಗುರುತು ಹಾಕುತ್ತಾಳೆ, ಬೆನ್ನು ಉಜ್ಜುತ್ತಾಳೆ, ಮಗುವಿನ ಹೃದಯಬಡಿತ ಎಣಿಸುತ್ತಾಳೆ. ಗರ್ಭಿಣಿಯ ಹೆಸರು, ಊರು, ಭಯ ಎಲ್ಲ ತಿಳಿದುಕೊಂಡಿದ್ದಾಳೆ. ಮಧ್ಯಾಹ್ನ ಒಂದು ಗಂಟೆಗೆ ಬಸ್ ಹಾರ್ನ್ ಹೊಡೆಯುತ್ತದೆ, ವಿದ್ಯಾರ್ಥಿನಿ ಹೊರಡುತ್ತಾಳೆ. ಹೆರಿಗೆ ಸಂಜೆ ಆರಕ್ಕೆ ಆಗುತ್ತದೆ. ಅದೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದರೆ ಆ ಹೆರಿಗೆ ಹೇಗೂ ಡಾಕ್ಟರಾಗುವವರ ಪಾಲಿಗೆ. ಹೆರಿಗೆಯ ನಂತರದ ಮೊದಲ ಗಂಟೆ ಎಷ್ಟು ಮುಖ್ಯ ಎಂದು ನಾವು ತರಗತಿಯಲ್ಲಿ ಒತ್ತಿ ಒತ್ತಿ ಹೇಳುತ್ತೇವೆ: ಗರ್ಭಕೋಶ ಗಟ್ಟಿಯಾಗಿದೆಯೇ, ರಕ್ತ ಎಷ್ಟು ಹೋಗುತ್ತಿದೆ, ಮಗು ಎದೆಗೆ ಬಾಯಿ ಹಾಕಿತೇ. ಆ ಗಂಟೆಯನ್ನೇ ನಮ್ಮ ವಿದ್ಯಾರ್ಥಿನಿ ನೋಡುವುದಿಲ್ಲ. ಆದರೂ ವರ್ಷದ ಕೊನೆಗೆ, ಮಾಡಿಸಿದ ಹೆರಿಗೆಗಳನ್ನು ಬರೆಯುವ ಕೇಸ್ ಬುಕ್ ಭರ್ತಿಯಾಗಿರುತ್ತದೆ. ಹಳೆಯ ಪಠ್ಯಕ್ರಮ 20 ಸಹಜ ಹೆರಿಗೆಗಳನ್ನು ಮಾಡಿಸಿರಬೇಕು ಎನ್ನುತ್ತಿತ್ತು. ಆ ಇಪ್ಪತ್ತರ ಪುಟಗಳು ಹೇಗೆ ತುಂಬಿದವು ಎಂಬುದು ಈ ಸಭೆಯಲ್ಲಿ ಕೂತ ಯಾರಿಗೂ ಹೊಸ ಸಂಗತಿಯಲ್ಲ. ಒಬ್ಬಳ ಪುಸ್ತಕದಿಂದ ಇನ್ನೊಬ್ಬಳ ಪುಸ್ತಕಕ್ಕೆ ಇಳಿದವು, ಸಹಿಗಳು ಬಿದ್ದವು, ಪರೀಕ್ಷಕರು ತಿರುವಿ ಹಾಕಿದರು. ಹೀಗೆ ಪಾಸಾದ ಹುಡುಗಿಯನ್ನು ನಾಳೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡುರಾತ್ರಿ ಒಂಟಿಯಾಗಿ ಬಿಟ್ಟರೆ ಅವಳೇನು ಮಾಡಬೇಕು? ಆ ತಾಯಿ ಏನು ಮಾಡಬೇಕು?

ಗಂಡು ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. ಪಠ್ಯಕ್ರಮ ಅವರಿಗೂ ಒಂದೇ, ಪರೀಕ್ಷೆಯೂ ಒಂದೇ. ಆದರೆ ಎಷ್ಟೋ ಕಡೆ ಅವರು ಲೇಬರ್ ವಾರ್ಡಿನ ಬಾಗಿಲ ಹೊರಗೇ ಪೋಸ್ಟಿಂಗ್ ಮುಗಿಸುತ್ತಾರೆ. ತಾಯಿಯ ಒಪ್ಪಿಗೆ ಕೇಳಿ, ಹಿರಿಯ ಸಿಸ್ಟರ್ ಎದುರಿನಲ್ಲಿ ಕಲಿಸಬಹುದು, ನಾನು ಕಲಿಸಿದ್ದೇನೆ. ಕೇಳುವ ಶ್ರಮವನ್ನೇ ನಾವು ತೆಗೆದುಕೊಳ್ಳುವುದಿಲ್ಲ.

ಮಾನಸಿಕ ಆರೋಗ್ಯ ನರ್ಸಿಂಗ್‌ನ ಸ್ಥಿತಿಯೂ ಹೀಗೆಯೇ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. ದೇಶದ ಬೇರೆಡೆಯಿಂದ ಅಲ್ಲಿಗೆ ಕಲಿಯಲು ಬರುತ್ತಾರೆ. ನಮ್ಮ ಕೆಲವು ಕಾಲೇಜುಗಳು ಮಾತ್ರ ವಾರಗಳ ಪೋಸ್ಟಿಂಗನ್ನು ಒಂದೆರಡು ದಿನದ ವಿಸಿಟ್ ಮಾಡಿಬಿಟ್ಟಿವೆ. ಪ್ರವಾಸ ಹೋದವರಂತೆ ಕಾರಿಡಾರಿನಲ್ಲಿ ನಡೆದು ಬಂದ ಹುಡುಗನಿಗೆ ಆ ವಿಭಾಗದ ಬಗ್ಗೆ ಭಯ ಹುಟ್ಟುತ್ತದೆಯೇ ಹೊರತು ಒಲವು ಹುಟ್ಟುವುದಿಲ್ಲ. ಮಾತು ಬಿಟ್ಟು ಕೂತ ರೋಗಿ ಮೂರನೆಯ ವಾರದಲ್ಲಿ ನಮ್ಮ ಹೆಸರು ಹಿಡಿದು ಕರೆದಾಗ ಏನನಿಸುತ್ತದೆ ಎಂದು ತಿಳಿಯಲು ಮೂರು ವಾರ ಅಲ್ಲಿರಬೇಕು.

ಇದೆಲ್ಲ ಹೇಗೆ ನಡೆದುಹೋಗುತ್ತದೆ ಎಂಬುದಕ್ಕೆ ಒಂದು ಹಳೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನು ನರ್ಸಿಂಗ್ ಕಾಲೇಜುಗಳ ಒಂದು ತಪಾಸಣಾ ತಂಡದಲ್ಲಿದ್ದೆ. ಒಂದೇ ಆಸ್ಪತ್ರೆಯ ಅವೇ ಹಾಸಿಗೆಗಳನ್ನು ಒಂದಕ್ಕಿಂತ ಹೆಚ್ಚು ಕಾಲೇಜುಗಳು ತಮ್ಮವೆಂದು ತೋರಿಸಿದ್ದವು. ಸೀಟು ಕಡಿಮೆ ಮಾಡಬೇಕೆಂದು ನಾನು ಬರೆದೆ. ಅಂತಿಮ ವರದಿಯಲ್ಲಿ ಆ ಸಾಲು ಇರಲಿಲ್ಲ. ಕೇಳಿದ್ದಕ್ಕೆ ಸಂಬಂಧಪಟ್ಟವರು, ಮೇಡಂ, ಮಕ್ಕಳು ಕೆಲಸಕ್ಕೆ ಸೇರಿದ ಮೇಲೆ ತಾವೇ ಕಲಿಯುತ್ತಾರೆ, ನೀವ್ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದರು. ಮರುವರ್ಷದಿಂದ ನನ್ನನ್ನು ಕರೆಯಲಿಲ್ಲ. ಆ ಮಾತು ಹೇಳಿದವರಲ್ಲಿ ಕೆಲವರು ಇಂದೂ ನಮ್ಮ ಸಭೆಗಳಿಗೆ ಬರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಕಲಿಯುವುದು ಎಂದರೆ ಯಾರ ಮೈಮೇಲೆ ಕಲಿಯುವುದು ಎಂಬ ನನ್ನ ಪ್ರಶ್ನೆಗೆ ಅವರಿನ್ನೂ ಉತ್ತರ ಕೊಟ್ಟಿಲ್ಲ.

ಏನಾಗಬೇಕು? 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಹೊಸ ವ್ಯವಸ್ಥೆಯ ಮುಂದೆ ನಾವು ಇಡಬೇಕಾದ ಮೊದಲ ಬೇಡಿಕೆ, ಹಾಸಿಗೆಗಳ ಬಹಿರಂಗ ಪಟ್ಟಿ: ಯಾವ ಆಸ್ಪತ್ರೆಯ ಯಾವ ವಾರ್ಡು, ಯಾವ ಪಾಳಿಯಲ್ಲಿ, ಯಾವ ಕಾಲೇಜಿನ ಎಷ್ಟು ಮಕ್ಕಳಿಗೆ. ಅದು ವಾರ್ಡಿನ ಬಾಗಿಲಲ್ಲೂ ತೂಗಲಿ. ಪೋಸ್ಟಿಂಗ್ ಮೂರೂ ಪಾಳಿಗೆ ಹಂಚಿಹೋಗಲಿ. ರಾತ್ರಿ ಉಳಿಯುವವರಿಗೆ ಸುರಕ್ಷಿತ ಕೋಣೆ, ಊಟ ಕಾಲೇಜಿನ ಹೊಣೆ. ದಾಖಲಾತಿಯಿಂದ ಮೊದಲ ಸ್ತನ್ಯಪಾನದವರೆಗೆ ಜೊತೆಗಿದ್ದ ಹೆರಿಗೆಯನ್ನು ಮಾತ್ರ ಕೇಸ್ ಬುಕ್ಕಿಗೆ ಸೇರಿಸಲಿ, ಸಂಖ್ಯೆ ಕಡಿಮೆಯಾದರೂ ಸರಿ. ಕಲಿಸುವ ವಾರ್ಡ್ ಸಿಸ್ಟರ್‌ಗೆ ಲಿಖಿತ ನೇಮಕ ಮತ್ತು ಭತ್ಯೆ ಸಿಗಲಿ. ಇಂಟರ್ನ್‌ಶಿಪ್‌ನ ಕೊನೆಗೆ ಕೆಲವು ವಾರ ವಿದ್ಯಾರ್ಥಿ ತಾನೇ ಆರಿಸಿದ ವಿಭಾಗದಲ್ಲಿರಲಿ. ಹೊರರಾಜ್ಯದಿಂದ ಬಂದ ಮಕ್ಕಳಿಗೆ ಮೊದಲ ಪೋಸ್ಟಿಂಗ್‌ಗೆ ಮುಂಚೆ ವಾರ್ಡಿಗೆ ಬೇಕಾದ ಕನ್ನಡ ಕಲಿಸಲಿ. ಎಲ್ಲಿ ನೋಯ್ತಿದೆ ಅಜ್ಜ ಎಂದು ಕೇಳಲು ಬಾರದವರು ಏನು ಆರೈಕೆ ಮಾಡಿಯಾರು? ಮುಂದೊಂದು ದಿನ ಪ್ರತಿ ತಾಲ್ಲೂಕು ಆಸ್ಪತ್ರೆಯೂ ಕಲಿಕೆಯ ಆಸ್ಪತ್ರೆಯಾಗಬೇಕು, ಪ್ರತಿ ವಾರ್ಡಿಗೂ ಕಲಿಸಲೆಂದೇ ಒಬ್ಬ ಹಿರಿಯ ನರ್ಸ್ ಇರಬೇಕು ಎಂಬ ಆಸೆಯೂ ನನಗಿದೆ.

ಆರಿಸಿದ ವಿಭಾಗದಲ್ಲಿ ಉಳಿಯಲೂ ಬಿಡಬೇಕಲ್ಲ. ನವಜಾತ ಶಿಶು ಆರೈಕೆಯಲ್ಲಿ ವರ್ಷದ ಡಿಪ್ಲೊಮಾ ಮಾಡಿ ಬಂದವರನ್ನು ಒಪಿಡಿಗೆ ಹಾಕುವುದು ಈಗಲೂ ನಡೆಯುತ್ತದೆ. ಸಂಬಳದ ಕಥೆ ಬೇರೆಯಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಅಷ್ಟೂ ಸಿಗದ ಹುಡುಗಿ ಏಜೆನ್ಸಿಯ ಮಾತು ಕೇಳಿದರೆ ಅವಳನ್ನು ದೂರಲು ನಮಗೆ ಹಕ್ಕಿಲ್ಲ.

ಈ ಬೇಡಿಕೆಗಳ ನಿರ್ಣಯದ ಕರಡು ನಿಮ್ಮ ಕೈಯಲ್ಲಿರುವ ಫೈಲಿನಲ್ಲಿದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಮತಕ್ಕೆ ಹಾಕುತ್ತೇವೆ. ಪ್ರಾಂಶುಪಾಲರಾಗಿರುವವರಿಗೆ ಸಹಿ ಹಾಕುವುದು ಕಷ್ಟ, ಆಡಳಿತ ಮಂಡಳಿ ಕೇಳುತ್ತದೆ ಎಂಬುದು ನನಗೆ ಗೊತ್ತು. ಆದರೂ ಊಟ ಮುಗಿಸಿ ಊರಿಗೆ ಹೊರಡಬೇಡಿ. ಓದಿ. ಒಪ್ಪದಿದ್ದರೆ ಎದ್ದು ನಿಂತು ಹೇಳಿ, ಒಪ್ಪಿದರೆ ನಿಮ್ಮ ಕಾಲೇಜಿನ ಹೆಸರು ಬರೆದು ಸಹಿ ಹಾಕಿ.