ಹೆರುವ ಹಕ್ಕು, ಹೇಳುವ ಹೊಣೆ



ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಈ ಸೀಮೆಯಲ್ಲಿ ದತ್ತಿ ಉಪನ್ಯಾಸ ಎಂದರೆ ಹೇಮಾವತಿಯ ನೊಳಂಬರು, ಲೇಪಾಕ್ಷಿಯ ಚಿತ್ರಗಳು, ಗಡಿ ಶಾಲೆಗಳ ಕನ್ನಡ ಎಂದು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವುದು ಮನೆಯೊಳಗಿನ ವಿಷಯ. ಮದುವೆ ಮಾತುಕತೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದು ಯಾರೂ ಬಾಯಿ ಬಿಡದ ವಿಷಯ. ನಮ್ಮಿಂದ ಮಕ್ಕಳಿಗೆ ಒಂದು ಕಾಯಿಲೆಯೋ ಊನವೋ ದಾಟಬಹುದು ಎಂದು ಗೊತ್ತಿದ್ದಾಗ ಮಕ್ಕಳನ್ನು ಪಡೆಯುವುದು ಸರಿಯೇ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೆರಬೇಕೋ ಬೇಡವೋ ಎಂಬುದು ಆ ಗಂಡಹೆಂಡಿರಿಗೆ ಬಿಟ್ಟದ್ದು. ಅವರಿಬ್ಬರಲ್ಲೂ ಬಸಿರು ಹೊರುವವಳ ಮಾತೇ ಕೊನೆಯ ಮಾತು. ಆದರೆ ಗೊತ್ತಿರುವುದನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ. ಹೆರುವ ಹಕ್ಕಿನ ಜೊತೆಗೇ ಹೇಳುವ ಹೊಣೆಯೂ ಬರುತ್ತದೆ. ಹಾಗೆ ಹೇಳಿದವರನ್ನು ಶಿಕ್ಷಿಸದೆ ಇರುವ ಹೊಣೆ ಉಳಿದ ನಮ್ಮೆಲ್ಲರದು.

1. ಸಂಬಂಧದೊಳಗಿನ ಮದುವೆ

ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದಲ್ಲ. ಕನ್ನಡದ ಮನೆಯಲ್ಲಿ ಸೋದರಮಾವ, ತೆಲುಗಿನ ಮನೆಯಲ್ಲಿ ಮೇನಮಾಮ, ವರಸೆ ಒಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೀಗೆ ಸಂಬಂಧದೊಳಗೇ ಮದುವೆಯಾದ ಹೆಂಗಸರು ತಮಿಳುನಾಡಿನಲ್ಲಿ ನೂರಕ್ಕೆ 28, ಕರ್ನಾಟಕದಲ್ಲಿ 27, ಆಂಧ್ರದಲ್ಲಿ 26. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು ಬೆಂಗಳೂರು, ಮೈಸೂರುಗಳಲ್ಲಿ ಲಕ್ಷಕ್ಕೂ ಹೆಚ್ಚು ಹಸುಗೂಸುಗಳ ಮಾಹಿತಿ ಕಲೆಹಾಕಿದರು. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೂಸುಗಳ ತಂದೆತಾಯಿ ಮೊದಲೇ ಸಂಬಂಧಿಕರು. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆಯ, ಅಂದರೆ ಸೋದರಮಾವ ಮತ್ತು ಅಕ್ಕನ ಮಗಳ, ಮದುವೆಯನ್ನು ನಿಷೇಧಿಸುತ್ತದೆ. ರೂಢಿಯಲ್ಲಿದ್ದರೆ ಆಗಬಹುದು ಎಂದು ಆ ಕಾಯ್ದೆಯೇ ಬಾಗಿಲನ್ನೂ ತೆರೆದಿಟ್ಟಿದೆ.

ಈ ರೂಢಿಯನ್ನು ಮೌಢ್ಯವೆಂದು ತಳ್ಳಿಹಾಕುವವರಿಗೆ ಬೆದ್ದಲು ಸೀಮೆಯ ಬದುಕು ಗೊತ್ತಿಲ್ಲ. ಮಳೆ ಕೈಕೊಡುವ ಊರಿನಲ್ಲಿ ಮೂರು ಎಕರೆ ಕಡಲೆಕಾಯಿ ಹೊಲ, ಒಂದು ಬೋರು, ಬದುವಿನ ಮೇಲಿನ ಹುಣಸೆಮರ ಹೊರಗಿನವರ ಪಾಲಾಗಬಾರದು ಎಂಬ ಲೆಕ್ಕ ಅದರಲ್ಲಿದೆ. ವರದಕ್ಷಿಣೆಯ ಭಾರ ಕಡಿಮೆ. ಅಕ್ಕನ ಮಗಳನ್ನು ತಂದರೆ ಹುಡುಗಿಗೆ ಅತ್ತೆಯೆಂದರೆ ಸ್ವಂತ ಅಜ್ಜಿ. ಹೆಣ್ಣುಮಗು ಕಣ್ಣೆದುರಿಗೆ ಇರಲಿ ಎಂಬ ತಾಯಿಯ ಆಸೆಯೂ ಅದರೊಳಗಿದೆ.

ಇನ್ನು ವಿಜ್ಞಾನದ ಲೆಕ್ಕ. ನಮ್ಮಲ್ಲಿ ಬಹುತೇಕ ಪ್ರತಿ ಜೀನ್‌ಗೂ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎಷ್ಟೋ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ; ಆ ವ್ಯಕ್ತಿ ವಾಹಕ ಮಾತ್ರ. ಒಂದೇ ಕಾಯಿಲೆಯ ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನೂರಕ್ಕೆ 25ರಷ್ಟು ಸಂಭವ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬೀಳುತ್ತವೆ. ಮೊದಲ ಮಗುವಿಗೆ ಬಂತು, ಇನ್ನು ಮೂವರು ಪಾರು ಎಂದು ಎಣಿಸುವುದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಮಾವ-ಸೊಸೆಯಲ್ಲಿ ನಾಲ್ಕನೇ ಒಂದು ಪಾಲು, ಅತ್ತೆಯ ಮಗ-ಮಾವನ ಮಗಳಲ್ಲಿ ಎಂಟನೇ ಒಂದು ಪಾಲು ಜೀನ್‌ಗಳು ಒಂದೇ ಮೂಲದವು. ಹಾಗಾಗಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ಗಾಬರಿ ಹುಟ್ಟಿಸುವುದೂ ಸುಳ್ಳು ಹೇಳಿದಂತೆಯೇ. ಯಾವ ಸಂಬಂಧವೂ ಇಲ್ಲದ ದಂಪತಿಗೂ ನೂರಕ್ಕೆ ಎರಡು ಮೂರರಷ್ಟು ಹುಟ್ಟುದೋಷದ ಅಪಾಯ ಇದ್ದೇ ಇದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದರ ಮೇಲೆ ಇನ್ನೊಂದು ಎರಡು ಮೂರು ಸೇರುತ್ತದೆ. ಮಾವ-ಸೊಸೆಯಲ್ಲಿ ಮತ್ತೂ ಹೆಚ್ಚು. ಹಾಗಿದ್ದೂ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಹುಟ್ಟುತ್ತಾರೆ. ಮನೆತನದಲ್ಲಿ ಈಗಾಗಲೇ ಒಂದು ಕಾಯಿಲೆ ತಲೆ ಎತ್ತಿದ್ದರೆ ಮಾತ್ರ ಈ ಸರಾಸರಿ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆಗ ಆ ಮನೆಯ ಲೆಕ್ಕವನ್ನೇ ಬೇರೆಯಾಗಿ ಹಾಕಬೇಕು.

ಆ ಲೆಕ್ಕ ಹಾಕುವ ಬಗೆಯನ್ನು ನೋಡಿ. ಅನುವಂಶೀಯ ಸಲಹೆಗಾರರು ಒಂದು ಹಾಳೆ ತೆಗೆದು ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆಯುತ್ತಾರೆ. ಮದುವೆಗೆ ಒಂದು ಗೆರೆ. ಸಂಬಂಧದೊಳಗಿನ ಮದುವೆಯಾದರೆ ಜೋಡಿ ಗೆರೆ. ಕಾಯಿಲೆಯವರ ಚೌಕ, ವೃತ್ತಗಳಿಗೆ ಕಪ್ಪು ತುಂಬುತ್ತಾರೆ. ಆಮೇಲೆ ಪ್ರಶ್ನೆಗಳು: ಅಜ್ಜಿಗೆ ಎಷ್ಟು ಜನ ಮಕ್ಕಳು? ಉಳಿದವರೆಷ್ಟು? ಆಗ ಜೊತೆಗೆ ಬಂದ ಹಿರಿಯ ಹೆಂಗಸು ಮೆಲ್ಲಗೆ ಹೇಳುತ್ತಾಳೆ: ನಡುವೆ ಎರಡು ಹೋದವು, ಆರು ತಿಂಗಳ ಕೂಸು, ಬಾಲಗ್ರಹ ಅಂದರು. ಯಾವ ವಂಶಾವಳಿಯಲ್ಲೂ ದಾಖಲಾಗದ ಆ ಕೂಸುಗಳು ಹಾಳೆಯ ಮೇಲೆ ಬಂದ ಕೂಡಲೇ ಮೊಮ್ಮಗನ ಕಾಯಿಲೆಗೆ ಒಂದು ದಾರಿ ಕಾಣಿಸಬಹುದು. ಜಾತಕದಲ್ಲಿ ನಾಡಿ, ಕುಲದಲ್ಲಿ ಗೋತ್ರ, ಬೆಡಗು ಕೇಳುವ ನಾವು ಈ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

2. ಎಲ್ಲವೂ ರಕ್ತದ್ದಲ್ಲ

ಎರಡು ಕಡೆಗಳ ಪಾಠ ಇಲ್ಲಿ ಮುಖ್ಯ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಣಕಾಲ ಕೀಲುಗಳು ನೋಯುತ್ತ ಸವೆದು, ಜನ ಬಾಗಿ ನಡೆಯುವಂತಾಗುತ್ತಿತ್ತು. ಕೆಲವರು ಎತ್ತರ ಬೆಳೆಯುತ್ತಲೇ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬದವರು. ಮೊದಲು ಅನುಮಾನ ಹೋದದ್ದು ಗದ್ದೆಯ ಏಡಿಯ ಮೇಲೆ, ಅದರಲ್ಲಿ ಸೇರಿದ ಕೀಟನಾಶಕದ ಮೇಲೆ. ಮುಂದೆ ನಡೆದ ಸಂಶೋಧನೆ ಅದನ್ನು ವಂಶವಾಹಿ ಕಾಯಿಲೆ ಎಂದು ಗುರುತಿಸಿತು. ತಂದೆತಾಯಿಯಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮಗುವಿಗೂ ನೂರಕ್ಕೆ 50ರ ಸಂಭವ.

ನಮ್ಮ ಅನಂತಪುರ ಸೀಮೆಯದು ಇದರ ತಿರುವುಮುರುವು. ಹಲ್ಲು ಕಂದುಗಟ್ಟಿ, ಕಾಲು ಸೊಟ್ಟಗಾಗಿ, ಬೆನ್ನು ಬಗ್ಗದ ಜನ ಒಂದೇ ಮನೆಯಲ್ಲಿ ಮೂರು ತಲೆಮಾರು ಕಂಡರೆ ವಂಶದ ಶಾಪ ಎನ್ನುವವರಿದ್ದರು. ಮೂರು ತಲೆಮಾರೂ ಕುಡಿದದ್ದು ಒಂದೇ ಫ್ಲೋರೈಡ್ ನೀರು. 1990ರ ದಶಕದಲ್ಲಿ ಸತ್ಯಸಾಯಿ ಟ್ರಸ್ಟಿನ ಯೋಜನೆಯಿಂದ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಬಂತು. ನೀರು ಬದಲಾದರೆ ಮುಂದಿನ ತಲೆಮಾರಿನ ಮೂಳೆಯೂ ಬದಲಾಗುತ್ತದೆ. ಅಂಥ ಮನೆಯವರಿಗೆ ಮಕ್ಕಳು ಬೇಡ ಎಂದು ಬುದ್ಧಿ ಹೇಳುವುದು ಅನ್ಯಾಯ. ಕಾರಣ ತಿಳಿಯುವ ಮೊದಲು ನೀತಿ ಹೇಳಬಾರದು.

3. ಬಳುವಳಿಗಳೆಲ್ಲ ಒಂದೇ ತೂಕದವಲ್ಲ

ದಾಟುವ ಗುಣಗಳನ್ನೂ ಬೇರೆಬೇರೆ ಮಾಡಿ ನೋಡಬೇಕು.

ಮೊದಲನೆಯದು, ತಿಳಿದಿದ್ದರೆ ಸಾಕು ಎನ್ನುವಂಥದ್ದು. ದಕ್ಷಿಣದ ವೈಶ್ಯ ಸಮುದಾಯದಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಡೆಗಿಂತ ಹೆಚ್ಚು ಕಂಡುಬಂದಿದೆ. ಇದ್ದವರಿಗೆ ದಿನದ ಬದುಕಿನಲ್ಲಿ ಇದೆಯೆಂದೇ ಗೊತ್ತಾಗುವುದಿಲ್ಲ. ಆಪರೇಷನ್ ಹೊತ್ತಿನಲ್ಲಿ ಸ್ನಾಯು ಸಡಿಲಿಸುವ ಒಂದು ಬಗೆಯ ಮದ್ದು ಕೊಟ್ಟರೆ ಮಾತ್ರ, ಕೆಲವೇ ನಿಮಿಷದಲ್ಲಿ ಇಳಿಯಬೇಕಾದ ಅದರ ಪರಿಣಾಮ ಗಂಟೆಗಟ್ಟಲೆ ನಿಂತು, ಉಸಿರಿಗೆ ಯಂತ್ರ ಬೇಕಾಗುತ್ತದೆ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿದರೆ ಬೇರೆ ಮದ್ದು ಕೊಡುತ್ತಾರೆ, ಮುಗಿಯಿತು. ಹೀಗೆ ದಾಟುವ ಗುಣಗಳು ಒಂದೇ ಸಮುದಾಯದ ಮಾತೂ ಅಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತಿತರರು 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿತ್ತು. ಅವುಗಳಲ್ಲಿ 81, ಕೆಲವೇ ಮೂಲಪುರುಷರಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದ ಗುರುತನ್ನು ಬಲವಾಗಿ ತೋರಿದವು. ಹತ್ತಿರದ ಸಂಬಂಧ ಬಿಟ್ಟೆವು ಎಂದು ಬೀಗುವವರೂ ಜಾತಿಯೊಳಗೇ ಹೆಣ್ಣು ತರುವವರೆಗೆ ದೂರದ ಸಂಬಂಧದಲ್ಲೇ ಇರುತ್ತಾರೆ.

ಎರಡನೆಯದು ನಿಜಕ್ಕೂ ಭಾರವಾದದ್ದು. ಥಲಸ್ಸೀಮಿಯಾ ಮೇಜರ್ ಎಂಬ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಹಾಗೆ ಏರಿಸಿದ ರಕ್ತದಿಂದ ಮೈಯಲ್ಲಿ ಉಳಿಯುವ ಕಬ್ಬಿಣವನ್ನು ಹೊರಹಾಕಲು ನಿತ್ಯ ಔಷಧ ಬೇಕು. ದೂರದ ಹಳ್ಳಿಯ ಕೂಲಿಯವಳಿಗೆ ಇದು ಪ್ರತಿ ಸಲವೂ ಒಂದು ದಿನದ ಕೂಲಿ, ಬಸ್ ಚಾರ್ಜು, ರಕ್ತ ಸಿಗುತ್ತದೋ ಇಲ್ಲವೋ ಎಂಬ ಆತಂಕ. ವಾಹಕರಿಗೆ ಮಾತ್ರ ಸ್ವಲ್ಪ ರಕ್ತ ಕಡಿಮೆ ಎನ್ನುವುದು ಬಿಟ್ಟರೆ ಯಾವ ತೊಂದರೆಯೂ ಇರುವುದಿಲ್ಲ. ಹಿಮೋಗ್ಲೋಬಿನ್ ಎ2 ಅಳೆಯುವ ಒಂದು ರಕ್ತಪರೀಕ್ಷೆಯಲ್ಲಿ ಅವರು ಯಾರೆಂದು ತಿಳಿಯುತ್ತದೆ.

ಮೂರನೆಯದು, ನೋಡುವವರ ಕಣ್ಣಿನ ದೋಷ. ಕಪ್ಪು ಬಣ್ಣ, ಕುಳ್ಳು ಮೈಕಟ್ಟು, ತೊನ್ನು. ಇವುಗಳಿಂದ ಆಗುವ ನೋವಿನ ಬಹುಪಾಲು ನೆರೆಯವರ ಬಾಯಿಂದ ಬಂದದ್ದು. ಅದಕ್ಕೆ ತಿದ್ದಬೇಕಾದದ್ದು ಬಾಯಿಯನ್ನು.

4. ತೀರ್ಮಾನ ಯಾರದು

ಭಾರವಾದ ಕಾಯಿಲೆಯವರನ್ನಾದರೂ ಸರ್ಕಾರ ತಡೆಯಬಾರದೇ ಎಂದು ಕೇಳುವವರಿದ್ದಾರೆ. ತಡೆದು ನೋಡಿದ್ದಾರೆ. ಜರ್ಮನಿ 1933ರಲ್ಲಿ ಅದಕ್ಕೆಂದೇ ಕಾನೂನು ಮಾಡಿ ಸುಮಾರು 4 ಲಕ್ಷ ಜನರ ಸಂತಾನಶಕ್ತಿ ಕಿತ್ತುಕೊಂಡಿತು. ಆ ಪಟ್ಟಿಯಲ್ಲಿ ಕುರುಡರು, ಕಿವುಡರು, ಮೂರ್ಛೆರೋಗಿಗಳು ಇದ್ದರು. ಮುಂದೆ ಅದು ಎಲ್ಲಿಗೆ ಹೋಯಿತೆಂದು ಜಗತ್ತಿಗೆ ಗೊತ್ತು. ನಮ್ಮಲ್ಲೂ 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಪುಣೆಯಲ್ಲಿ ತೆಗೆದರು. ಇಂಥ ಕತ್ತರಿ ಬೀಳುವುದು ಯಾವಾಗಲೂ ಎದುರಾಡಲಾಗದವರ ಮೇಲೆ. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬುದ್ಧಿಮಾಂದ್ಯಳೆಂಬ ಕಾರಣಕ್ಕೆ ಆಕೆಯ ಒಪ್ಪಿಗೆಯಿಲ್ಲದೆ ಬಸಿರು ತೆಗೆಸುವಂತಿಲ್ಲ ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫೀಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ ಎಂಬ ರಕ್ತದ ಕಾಯಿಲೆಗಳನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿಕೊಂಡು, ಒಪ್ಪಿಗೆಯಿಲ್ಲದೆ ಯಾವ ಅಂಗವಿಕಲರ ಸಂತಾನಶಕ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಬರೆಯಿತು.

ಹೆರುವುದನ್ನು ತಡೆಯದೆಯೂ ಕೆಲಸ ಆಗುತ್ತದೆ ಎಂಬುದಕ್ಕೆ ಸೈಪ್ರಸ್ ಸಾಕ್ಷಿ. ಥಲಸ್ಸೀಮಿಯಾ ತುಂಬಿದ್ದ ಆ ದ್ವೀಪದಲ್ಲಿ ಚರ್ಚಿನಲ್ಲಿ ಮದುವೆಯಾಗಲು ರಕ್ತಪರೀಕ್ಷೆಯ ಪ್ರಮಾಣಪತ್ರ ಬೇಕು. ಪರೀಕ್ಷೆಯಾಗಿದೆ, ಇಬ್ಬರಿಗೂ ವಿಷಯ ತಿಳಿದಿದೆ ಎಂಬುದಷ್ಟೇ ಅದಕ್ಕೆ ಮುಖ್ಯ. ವಾಹಕರಿಬ್ಬರೂ ಬೇಕಾದರೆ ಮದುವೆಯಾಗಬಹುದು. ಆ ಕಾಯಿಲೆಯ ಹೊಸ ಕೂಸುಗಳು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾದವು. ನಮ್ಮ ದೇಶ 2023ರಲ್ಲಿ ಶುರುಮಾಡಿದ ಕುಡಗೋಲು ಕಣ ರೋಗದ ಅಭಿಯಾನದಲ್ಲೂ 7 ಕೋಟಿ ಜನರ ತಪಾಸಣೆ ಮಾಡಿ ಕಾರ್ಡು ಕೊಡುವ ಗುರಿ ಇಡಲಾಗಿತ್ತು. ಆ ಕಾರ್ಡು ತಿಳಿವಳಿಕೆಯ ಚೀಟಿಯಾಗಬೇಕು, ಹುಡುಗಿಯನ್ನು ಒಲ್ಲೆ ಎನ್ನುವ ನೆಪ ಆಗಬಾರದು.

5. ಮಗುವಿನ ಕಡೆಯಿಂದ

ಇಂಗ್ಲಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಒಂದು ತೊಡಕನ್ನು ಮುಂದಿಟ್ಟರು. ಕಾಯಿಲೆಯೊಂದಿಗೆ ಹುಟ್ಟಿದ ಮಗುವಿಗೆ, ನನ್ನನ್ನು ಹೆತ್ತು ನನಗೆ ಅನ್ಯಾಯ ಮಾಡಿದಿರಿ ಎಂದು ಹೇಳಲು ಬರುತ್ತದೆಯೇ? ಆ ದಂಪತಿ ಬೇರೆ ಹೊತ್ತಿನಲ್ಲಿ ಹೆತ್ತಿದ್ದರೆ ಹುಟ್ಟುತ್ತಿದ್ದದ್ದು ಈ ಮಗುವಲ್ಲ, ಇನ್ನೊಂದು. ಬದುಕು ಬರೀ ಯಾತನೆಯಾಗಿಲ್ಲದಿದ್ದರೆ, ಹುಟ್ಟಿದ್ದೇ ನಷ್ಟ ಎನ್ನಲು ಬರುವುದಿಲ್ಲ.

ವಾದ ಗಟ್ಟಿಯಾಗಿದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಯಾಕೆ ಹೆತ್ತಿರಿ ಎಂದು ಮಗು ಕೇಳದಿರಬಹುದು. ಗೊತ್ತಿದ್ದೂ ಯಾಕೆ ಸಿದ್ಧವಾಗಲಿಲ್ಲ, ನನ್ನ ತಂಗಿಗೆ ಮದುವೆ ಮಾಡುವಾಗ ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ಅದಕ್ಕೆ ಪೂರ್ತಿ ಇದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆ ಸುಳ್ಳುಗಳಲ್ಲಿ ಹುಡುಗನ ಸಂಬಳದ ಸುಳ್ಳನ್ನು ಕ್ಷಮಿಸಬಹುದೇನೋ, ಮನೆತನದ ಕಾಯಿಲೆಯ ಸುಳ್ಳನ್ನಲ್ಲ. ಅದರ ಬೆಲೆ ತೆರುವುದು ಮಾತುಕತೆಯಲ್ಲಿ ಕೂತವರಲ್ಲ, ಇನ್ನೂ ಹುಟ್ಟದವರು.

ಇನ್ನೊಂದು ಎಚ್ಚರ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫೀಲಿಯಾ ಇದ್ದು ವೈದ್ಯರಾದವರು, ಅದೇ ರೋಗಿಗಳಿಗಾಗಿ ಸಂಸ್ಥೆ ಕಟ್ಟಿದವರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಇಂಥ ಸಾಧಕರನ್ನು ತೋರಿಸಿ, ನೋಡಿ ಹುಟ್ಟಿದ್ದು ಸಾರ್ಥಕವಾಯಿತು ಎನ್ನಬಾರದು. ಏನೂ ಸಾಧಿಸದೆ ಜಗಲಿಯ ಮೇಲೆ ಕೂತು ಅಮ್ಮನ ಕೈತುತ್ತು ತಿನ್ನುವ ಮಗುವಿನ ಬದುಕೂ ಸಮರ್ಥನೆ ಕೇಳುವುದಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ತಂದೆಯ ನೂಲು ಆ ಗಾದೆಯಲ್ಲಿ ಇಲ್ಲ. ವಾಹಕರಿಬ್ಬರಿಂದ ಮಗುವಿಗೆ ಬಂದ ಕಾಯಿಲೆಯಲ್ಲಿ ಅರ್ಧ ಪಾಲು ತಂದೆಯದು; ಆದರೂ ತವರಿಗೆ ಹೋಗುವವಳು ಅವಳು, ಎರಡನೇ ಮದುವೆಗೆ ನಿಲ್ಲುವವನು ಅವನು.

6. ಏನು ಮಾಡಬಹುದು

ಮದುವೆಗೆ ಮೊದಲು ಹುಡುಗ, ಹುಡುಗಿ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಫಲಿತಾಂಶ ಮೊದಲು ಅವರ ಕೈಗೆ ಬರಲಿ, ಬೀಗರ ಕೈಗಲ್ಲ. ಮನೆಯಲ್ಲಿ ಕಾಯಿಲೆ ಕಂಡಿದ್ದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಂಥ ಕಡೆ ಸಲಹೆ ಸಿಗುತ್ತದೆ. ಹಿಂದೂಪುರದವರಿಗೆ ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸು. ಬಸಿರಾದ ಮೇಲೂ ಮೂರನೇ ತಿಂಗಳಲ್ಲೇ ಭ್ರೂಣಪರೀಕ್ಷೆಗೆ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ 24 ವಾರಗಳ ನಂತರವೂ ಗರ್ಭಪಾತಕ್ಕೆ ಆ ಕಾಯ್ದೆಗೆ ತಂದ 2021ರ ತಿದ್ದುಪಡಿ ದಾರಿ ಮಾಡಿದೆ. ತೆಗೆಸುವವಳೂ ಪಾಪಿಯಲ್ಲ, ಉಳಿಸಿಕೊಳ್ಳುವವಳೂ ಮೂರ್ಖಳಲ್ಲ. ಅಧ್ಯಾಪಕ ಮಿತ್ರರೇ, ಮೆಂಡಲನ ಬಟಾಣಿ ಪಾಠ ಮಾಡುವಾಗ ಬಟಾಣಿಯಲ್ಲೇ ನಿಲ್ಲಬೇಡಿ. ಮಾವ-ಸೊಸೆಯ ಜೋಡಿ ಗೆರೆಯನ್ನೂ ಬೋರ್ಡಿನ ಮೇಲೆ ಎಳೆಯಿರಿ, ಯಾವ ಮಗುವಿನ ಮನೆಯನ್ನೂ ಹೆಸರಿಸದೆ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ನಿಜ ಹೇಳಿದ ಮನೆಯ ಮಗಳಿಗೆ ಸಂಬಂಧವೇ ಬಾರದಿದ್ದರೆ, ಮುಂದಿನ ಮನೆ ಬಾಯಿ ಮುಚ್ಚಿಕೊಳ್ಳುತ್ತದೆ, ಪರೀಕ್ಷೆಯ ಚೀಟಿ ಹರಿದುಹಾಕುತ್ತದೆ. ಒಬ್ಬರು ವಾಹಕರಾಗಿ ಇನ್ನೊಬ್ಬರು ಆಗಿರದಿದ್ದರೆ ಥಲಸ್ಸೀಮಿಯಾದಂಥ ಕಾಯಿಲೆ ಮಕ್ಕಳಲ್ಲಿ ತಲೆ ಎತ್ತುವ ಭಯವಿಲ್ಲ. ಹುಡುಗ ವಾಹಕನಲ್ಲದಿದ್ದರೆ, ಇಂಥ ಕಾಯಿಲೆಯ ವಾಹಕಿಯನ್ನು ಸೊಸೆಯಾಗಿ ತರಲು ಹಿಂಜರಿಯುವುದಕ್ಕೆ ವಿಜ್ಞಾನದಲ್ಲಿ ಯಾವ ಕಾರಣವೂ ಇಲ್ಲ. ಇದನ್ನು ತಿಳಿದ ಮೇಲೆ ಅಂಥ ಮನೆಯಿಂದ ಹೆಣ್ಣು ತರಲು, ಅಂಥ ಮನೆಗೆ ಹೆಣ್ಣು ಕೊಡಲು ನಾವು ಮುಂದಾಗಬೇಕು. ಮಕ್ಕಳನ್ನು ಹೆರಬಹುದೇ ಎಂದು ಅವರನ್ನು ಕೇಳುವ ಯೋಗ್ಯತೆ ನಮಗೆ ಬರುವುದಿದ್ದರೆ ಆಮೇಲೆಯೇ; ಆಗ ಆ ಪ್ರಶ್ನೆ ಕೇಳುವ ಅಗತ್ಯವೂ ಬಹುಮಟ್ಟಿಗೆ ಇರುವುದಿಲ್ಲ.